ಒಂದೇ ಫೈರ್‌ಬಾಲ್, ಮೂರು ಕೈ: ನಿಮ್ಮ ಮಾಂತ್ರಿಕ ಪಾತ್ರಕ್ಕೆ ಅದರದ್ದೇ ಗುರುತು ಕೊಡುವುದು ಹೇಗೆ

ನಮ್ಮ ಗುಂಪು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂರುತ್ತದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಒಟ್ಟಿಗೆ ಕಥೆ ಕಟ್ಟುವ ಆಟ ಅದು. ಒಟ್ಟು ಐದು ಜನ. ನಾನು ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವನು. ಉಳಿದ ನಾಲ್ವರಲ್ಲಿ ಮೂವರು ಮಾಂತ್ರಿಕರನ್ನೇ ಆರಿಸಿಕೊಂಡಿದ್ದರು. ಒಬ್ಬ ವಿಜಾರ್ಡ್ (ಓದಿ ಕಲಿತ ಮಾಂತ್ರಿಕ), ಒಬ್ಬಳು ಸಾರ್ಸರರ್ (ವಿದ್ಯೆ ಹುಟ್ಟಿನಿಂದಲೇ ಬಂದವಳು), ಇನ್ನೊಬ್ಬ ವಾರ್ಲಾಕ್ (ಯಾವುದೋ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ವಿದ್ಯೆ ಪಡೆದವನು). ಇಂಥ ಪಾತ್ರದ ಬಗೆಗೆ ಕ್ಲಾಸ್ ಅನ್ನುತ್ತಾರೆ, ಆಡುತ್ತಾ ಪಾತ್ರ ಏರುವ ಮೆಟ್ಟಿಲಿಗೆ ಲೆವೆಲ್. 5ನೇ ಲೆವೆಲ್ ಮುಟ್ಟಿದ ದಿನ ಮೂವರೂ ಫೈರ್‌ಬಾಲ್, ಅಂದರೆ ಬೆಂಕಿಯುಂಡೆ ಸಿಡಿಸುವ ಮಂತ್ರ ತೆಗೆದುಕೊಂಡರು. ಅದರಲ್ಲಿ ತಪ್ಪೇನಿಲ್ಲ. ಆ ಲೆವೆಲ್‌ನಲ್ಲಿ ಅಷ್ಟು ಕೆಲಸಕ್ಕೆ ಬರುವ ಮಂತ್ರ ಇನ್ನೊಂದು ಸಿಗುವುದು ಕಷ್ಟ.

ಅವತ್ತು ಒಂದು ಹಳೇ ಸೇತುವೆ ಮೇಲೆ ಹೊಡೆದಾಟ. ಮೂವರೂ ಒಬ್ಬರಾದ ಮೇಲೆ ಒಬ್ಬರು "ಫೈರ್‌ಬಾಲ್ ಹಾಕ್ತೀನಿ" ಅಂದರು. ಆರು ಮುಖದ ಎಂಟು ಡೈಸ್ ಮೂರು ಸಲ ಉರುಳಿತು. ನಾಲ್ಕನೆಯವಳು ಫೈಟರ್. ಆಟದ ಟಿಪ್ಪಣಿ ಬರೆಯುವುದು ಅವಳ ಕೆಲಸ. ಬರೆಯುತ್ತಿದ್ದವಳು ಪೆನ್ ನಿಲ್ಲಿಸಿ ಕೇಳಿದಳು: "ಈಗ ಹಾಕಿದ್ದು ಯಾರು?"

ಆ ಪ್ರಶ್ನೆ ನನಗೆ ನಾಟಿತು. ಮೂರು ಪಾತ್ರ, ಮೂರು ಬೇರೆ ಬೇರೆ ಹಿನ್ನೆಲೆ. ಆದರೂ ಕೇಳುವವಳ ಕಿವಿಗೆ ಮೂವರೂ ಒಂದೇ. ಮುಂದಿನ ಎರಡು ವಾರ ನಾವು ಕೂತು ಆ ಮೂರು ಪಾತ್ರಗಳನ್ನು ಬಿಚ್ಚಿ ಮತ್ತೆ ಜೋಡಿಸಿದೆವು. ಏನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಇಷ್ಟೆಲ್ಲ ಆದ ಮೇಲೆ ನಾನು ನಂಬಿರುವುದು ಒಂದೇ ಮಾತು. ಮಾಂತ್ರಿಕ ಪಾತ್ರಕ್ಕೆ ಗುರುತು ಬರುವುದು ಅದಕ್ಕೆ ಏನೆಲ್ಲ ಬರುತ್ತದೆ ಅನ್ನುವುದಕ್ಕಿಂತ, ಅದು ಯಾವುದನ್ನು ಬಿಟ್ಟುಕೊಟ್ಟಿದೆ ಅನ್ನುವುದರಿಂದ.

ಇಲ್ಲಿರುವ ಅಂಕಿಗಳೆಲ್ಲ 2014ರ 5ನೇ ಆವೃತ್ತಿಯವು. 2024ರ ಪರಿಷ್ಕೃತ ಪುಸ್ತಕದಲ್ಲಿ ಕೆಲವು ಬದಲಾಗಿವೆ. ಉದಾಹರಣೆಗೆ, ಅಲ್ಲಿ ಎಲ್ಲ ಕ್ಲಾಸ್‌ಗಳೂ ಸಬ್‌ಕ್ಲಾಸ್, ಅಂದರೆ ಕ್ಲಾಸ್‌ನೊಳಗಿನ ಒಂದು ಕವಲು, ಆರಿಸುವುದು 3ನೇ ಲೆವೆಲ್‌ನಲ್ಲಿ. ನಿಮ್ಮ ಗುಂಪು ಯಾವ ಪುಸ್ತಕ ಬಳಸುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಪುಸ್ತಕ ಕೊಳ್ಳದೆ ಶುರು ಮಾಡಬೇಕು ಅಂದರೆ ಅದಕ್ಕೂ ದಾರಿಯಿದೆ. ಮೂಲ ನಿಯಮಗಳಿರುವ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಡಿ ಬಿಟ್ಟಿದ್ದಾರೆ. ಅದರಲ್ಲಿ ಪ್ರತಿ ಕ್ಲಾಸ್‌ಗೂ ಒಂದೊಂದು ಸಬ್‌ಕ್ಲಾಸ್ ಇದೆ. ವಿಜಾರ್ಡ್‌ಗೆ ಎವೊಕೇಶನ್ (ಬೆಂಕಿ, ಮಿಂಚಿನಂಥ ಶಕ್ತಿ ಹೊರಡಿಸುವ ವಿದ್ಯೆ), ಸಾರ್ಸರರ್‌ಗೆ ಡ್ರ್ಯಾಗನ್ ವಂಶ, ವಾರ್ಲಾಕ್‌ಗೆ ಫೀಂಡ್ (ಪಿಶಾಚಿಯ ಜೊತೆ ಒಪ್ಪಂದ). ನಮ್ಮ ಮೂವರೂ ಅವೇ ಮೂರನ್ನು ಆಡುತ್ತಿದ್ದರು.

ಈ ಗೊಂದಲ ಎಲ್ಲಿಂದ ಬಂತು

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಮೂರೇ ಕ್ಲಾಸ್: ಹೊಡೆದಾಡುವವನು, ಕ್ಲೆರಿಕ್ (ದೇವರ ಬಲದ ಪುರೋಹಿತ), ಮ್ಯಾಜಿಕ್-ಯೂಸರ್. 1ನೇ ಲೆವೆಲ್ ಮ್ಯಾಜಿಕ್-ಯೂಸರ್‌ಗೆ ದಿನಕ್ಕೆ ಒಂದೇ ಮಂತ್ರ. ಹಾಕಿದ ಮೇಲೆ ಅದು ತಲೆಯಿಂದಲೇ ಅಳಿಸಿಹೋಗುತ್ತಿತ್ತು. ಸಾರ್ಸರರ್ ಬಂದದ್ದು 2000ದಲ್ಲಿ, 3ನೇ ಆವೃತ್ತಿಯ ಜೊತೆ. ಆಗ ವಿಜಾರ್ಡ್ ಮತ್ತು ಸಾರ್ಸರರ್ ಇಬ್ಬರಿಗೂ ಮಂತ್ರಗಳ ಪಟ್ಟಿ ಒಂದೇ. ಒಬ್ಬ ಬೆಳಗ್ಗೆ ಓದಿ ತಯಾರಾಗುತ್ತಾನೆ, ಇನ್ನೊಬ್ಬನಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ಅಷ್ಟೇ ವ್ಯತ್ಯಾಸ. 2004ರಲ್ಲಿ ಒಂದು ಪೂರಕ ಪುಸ್ತಕದಲ್ಲಿ ವಾರ್ಲಾಕ್ ಬಂತು. 2014ರ ಹೊತ್ತಿಗೆ ಮೂರೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕೂತವು. ಪಟ್ಟಿಗಳು ಬೇರೆಯಾದವು ನಿಜ. ಆದರೆ ಎಲ್ಲರಿಗೂ ಬೇಕಾಗುವ ಮಂತ್ರಗಳು ಹಲವು ಇನ್ನೂ ಮೂರರಲ್ಲೂ ಇವೆ. ಸುಮ್ನೆ ಒಳ್ಳೇ ಮಂತ್ರಗಳನ್ನೇ ಆರಿಸುತ್ತಾ ಹೋದರೆ ಮೂವರೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಹೆಜ್ಜೆ 1: ನಿಮ್ಮ ಕ್ಲಾಸ್‌ಗೆ ಮಾತ್ರ ಆಗುವುದೇನು ಅಂತ ಹುಡುಕಿ

ಮಂತ್ರದ ಪಟ್ಟಿ ಬದಿಗಿಡಿ. ಕ್ಲಾಸ್‌ನ ಒಳಗಿನ ಲೆಕ್ಕ ನೋಡಿ. ಹೆಚ್ಚಿನವರು ಇದನ್ನು ಒಂದು ಸಲ ಓದಿ ಮರೆತುಬಿಡುತ್ತಾರೆ. ನಿಜವಾದ ವ್ಯತ್ಯಾಸ ಇರುವುದು ಇಲ್ಲೇ.

ವಿಜಾರ್ಡ್‌ನ ಜೀವ ಅವನ ಪುಸ್ತಕದಲ್ಲಿದೆ. ಮೊದಲ ಲೆವೆಲ್‌ನಲ್ಲಿ ಆರು ಮಂತ್ರ, ಆಮೇಲೆ ಪ್ರತಿ ಲೆವೆಲ್‌ಗೆ ಎರಡು. 5ನೇ ಲೆವೆಲ್‌ಗೆ ಕಡಿಮೆ ಅಂದರೂ 14. ಬುದ್ಧಿಶಕ್ತಿಯ ಅಂಕ 18 ಇದ್ದರೆ ಅದರಲ್ಲಿ ಒಂಬತ್ತನ್ನು ಬೆಳಗ್ಗೆ ತಯಾರು ಮಾಡಿಕೊಳ್ಳಬಹುದು. ನಾಳೆ ಬೇರೆ ಒಂಬತ್ತು. ಜೊತೆಗೆ, ಎಲ್ಲೋ ಸಿಕ್ಕ ವಿಜಾರ್ಡ್ ಮಂತ್ರವನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳಬಹುದು. ಮಂತ್ರಗಳಿಗೂ ಪಾತ್ರದ ಲೆವೆಲ್‌ನಿಂದ ಬೇರೆಯಾದ ತಮ್ಮದೇ ಲೆವೆಲ್ ಇದೆ. ಮಂತ್ರದ ಪ್ರತಿ ಲೆವೆಲ್‌ಗೆ 2 ಗಂಟೆ, 50 ಚಿನ್ನದ ನಾಣ್ಯ. ಅಂದರೆ 3ನೇ ಲೆವೆಲ್ ಮಂತ್ರಕ್ಕೆ 6 ಗಂಟೆ, 150 ನಾಣ್ಯ. ರಿಚುವಲ್ ಅಂತ ಗುರುತಿರುವ ಮಂತ್ರವನ್ನು ತಯಾರು ಮಾಡಿಕೊಳ್ಳದೆಯೂ ಪುಸ್ತಕ ನೋಡಿಕೊಂಡು, ಹತ್ತು ನಿಮಿಷ ಜಾಸ್ತಿ ಕೊಟ್ಟು ಹಾಕಬಹುದು. ನಿನ್ನೆ ಗೊತ್ತಿಲ್ಲದ್ದು ಇವತ್ತು ಗೊತ್ತಿರುವುದು ವಿಜಾರ್ಡ್‌ಗೆ ಮಾತ್ರ. ಪುಸ್ತಕ ಕಳೆದರೆ ಬಡವನಾಗುವುದೂ ಅವನೊಬ್ಬನೇ.

ಸಾರ್ಸರರ್‌ಗೆ ಅದೇ 5ನೇ ಲೆವೆಲ್‌ನಲ್ಲಿ ಗೊತ್ತಿರುವುದು ಆರೇ ಮಂತ್ರ. ಆದರೆ ಅವನ್ನು ಬಗ್ಗಿಸಲು ಬರುತ್ತದೆ. ಅದಕ್ಕೆ ಮೆಟಾಮ್ಯಾಜಿಕ್ ಅನ್ನುತ್ತಾರೆ. ಖರ್ಚು ಮಾಡಲು ಐದು ಸಾರ್ಸರಿ ಪಾಯಿಂಟ್ ಇರುತ್ತವೆ. ಎಂಟು ಬಗೆಯ ಮೆಟಾಮ್ಯಾಜಿಕ್‌ನಲ್ಲಿ ಎರಡನ್ನು 3ನೇ ಲೆವೆಲ್‌ನಲ್ಲಿ ಆರಿಸುತ್ತೀರಿ. ನನ್ನ ಕೇಳಿದರೆ ಈ ಎರಡು ಆಯ್ಕೆಯೇ ಸಾರ್ಸರರ್‌ನ ಸ್ವಭಾವ. ಸಟಲ್ ತೆಗೆದುಕೊಂಡವಳು ರಾಜಸಭೆಯ ನಡುವೆ ತುಟಿ ಅಲುಗಿಸದೆ, ಬೆರಳು ಎತ್ತದೆ ಮಂತ್ರ ಹಾಕುತ್ತಾಳೆ. ಕ್ವಿಕನ್ಡ್ ತೆಗೆದುಕೊಂಡವಳು ಅವಸರದವಳು. ಇಬ್ಬರೂ ಒಂದೇ ಕ್ಲಾಸ್, ಆದರೆ ಒಂದೇ ಜನ ಅಲ್ಲ.

ಸ್ಲಾಟ್ ಅಂದರೆ ಮಂತ್ರ ಹಾಕಲು ಸಿಗುವ ಅವಕಾಶ, ಒಂದು ಮಂತ್ರಕ್ಕೆ ಒಂದು ಖರ್ಚು. ವಾರ್ಲಾಕ್‌ಗೆ ಇರುವುದು ಎರಡೇ ಸ್ಲಾಟ್. ಎರಡೂ 3ನೇ ಲೆವೆಲ್‌ನವು. ಒಂದು ಗಂಟೆ ವಿಶ್ರಾಂತಿ ತೆಗೆದುಕೊಂಡರೆ ವಾಪಸ್ ಬರುತ್ತವೆ. ಸ್ಲಾಟ್ ಕಡಿಮೆ ಇರುವುದರಿಂದ ಅವನು ಎರಡು ಸಲ ಯೋಚಿಸಿ ಮಂತ್ರ ಹಾಕುತ್ತಾನೆ. ಉಳಿದ ಹೊತ್ತೆಲ್ಲ ಎಲ್‌ಡ್ರಿಚ್ ಬ್ಲಾಸ್ಟ್, ಸ್ಲಾಟ್ ಖರ್ಚಿಲ್ಲದೆ ಎಸೆಯುವ ಶಕ್ತಿಯ ಪೆಟ್ಟು. ಇವನ ಗುರುತು ಇರುವುದು ಇನ್ವೊಕೇಶನ್‌ಗಳಲ್ಲಿ, ಅಂದರೆ ಅವನು ಆರಿಸಿಕೊಳ್ಳುವ ಸಣ್ಣ ವಿಶೇಷ ಶಕ್ತಿಗಳಲ್ಲಿ. 5ನೇ ಲೆವೆಲ್‌ಗೆ ಮೂರು ಸಿಗುತ್ತವೆ. ಮಾಸ್ಕ್ ಆಫ್ ಮೆನಿ ಫೇಸಸ್ ತೆಗೆದುಕೊಂಡರೆ ಸ್ಲಾಟ್ ಖರ್ಚಿಲ್ಲದೆ ಎಷ್ಟು ಸಲ ಬೇಕಾದರೂ ವೇಷ ಬದಲಿಸಬಹುದು. ಬೀಸ್ಟ್ ಸ್ಪೀಚ್ ಇದ್ದರೆ ದಿನವಿಡೀ ಪ್ರಾಣಿಗಳ ಜೊತೆ ಮಾತಾಡಬಹುದು. ಡೆವಿಲ್ಸ್ ಸೈಟ್ ಇದ್ದರೆ ಮಾಟದ ಕತ್ತಲಲ್ಲೂ 120 ಅಡಿ ಕಾಣುತ್ತದೆ. ಪಾತ್ರಕ್ಕೆ ನಿಮ್ಮದೇ ಆಕಾರ ಕೊಡಲು ಇಷ್ಟು ಜಾಗ ಇನ್ನೆರಡು ಕ್ಲಾಸ್‌ಗಳಲ್ಲಿ ಇಲ್ಲ. ಆದರೂ ಮೂರನ್ನೂ ಬ್ಲಾಸ್ಟ್ ಜೋರು ಮಾಡಲಿಕ್ಕೇ ಬಳಸುವವರು ಬಹಳ. ಒಂದನ್ನಾದರೂ ಹೊಡೆದಾಟಕ್ಕೆ ಸಂಬಂಧವಿಲ್ಲದ್ದಕ್ಕೆ ಇಡಿ.

ಈಗ ಸೇತುವೆಗೆ ವಾಪಸ್ ಬನ್ನಿ. ಫೈಟರ್ ಗಾಬ್ಲಿನ್‌ಗಳ ನಡುವೆ ಸಿಕ್ಕಿಹಾಕಿಕೊಂಡಿದ್ದಾಳೆ. ಫೈರ್‌ಬಾಲ್ ಹಾಕಿದರೆ 20 ಅಡಿ ತ್ರಿಜ್ಯದೊಳಗೆ ಅವಳೂ ಬರುತ್ತಾಳೆ. ಎವೊಕೇಶನ್ ವಿಜಾರ್ಡ್ ಆದರೆ ಮಂತ್ರದ ಲೆವೆಲ್‌ಗೆ ಒಂದು ಸೇರಿಸಿ, ಅಂದರೆ ನಾಲ್ಕು ಜನರನ್ನು ಬೆಂಕಿಯಿಂದ ಪೂರ್ತಿ ಬಿಡಿಸಬಹುದು. ಅವಳ ಕೂದಲೂ ಸುಡುವುದಿಲ್ಲ. ಕೇರ್‌ಫುಲ್ ಮೆಟಾಮ್ಯಾಜಿಕ್ ಇರುವ ಸಾರ್ಸರರ್ ಆದರೆ ಫೈಟರ್ ತಾನಾಗೇ ಸೇವ್ (ಮಂತ್ರದಿಂದ ತಪ್ಪಿಸಿಕೊಳ್ಳುವ ಡೈಸ್ ಪರೀಕ್ಷೆ) ಗೆಲ್ಲುತ್ತಾಳೆ, ಆದರೆ ಅರ್ಧ ಪೆಟ್ಟು ಬಿದ್ದೇ ಬೀಳುತ್ತದೆ. ಎಂಟು ಡೈಸ್‌ನ ಸರಾಸರಿ 28, ಅರ್ಧ ಅಂದರೆ 14. ವಾರ್ಲಾಕ್‌ಗೆ ಎರಡೂ ಇಲ್ಲ. ಅವನು "ಓಡು!" ಅಂತ ಕೂಗಬೇಕು, ಇಲ್ಲವೇ ಹಾಕದೆ ಇರಬೇಕು. ಆದರೆ ಅವನ ಕೈಯಲ್ಲಿ ಒಬ್ಬ ಶತ್ರು ಸತ್ತರೆ ಅವನಿಗೆ ತಾತ್ಕಾಲಿಕ ಹಿಟ್ ಪಾಯಿಂಟ್ (ಪೆಟ್ಟು ತಡೆದುಕೊಳ್ಳುವ ಅಂಕ) ಸಿಗುತ್ತದೆ. ಕರಿಸ್ಮಾ (ವ್ಯಕ್ತಿತ್ವದ ಬಲ) 18 ಇದ್ದರೆ ಈ ಲೆವೆಲ್‌ನಲ್ಲಿ ಒಂಬತ್ತು. ಮಂತ್ರ ಅದೇ. ಒಬ್ಬನದು ಪಳಗಿದ ಕೈ, ಒಬ್ಬಳದು ಅಂದಾಜು, ಇನ್ನೊಬ್ಬನಿಗೆ ಅದು ಹಸಿವು.

ನಮ್ಮ ಮೇಜಿನಲ್ಲಿ ಅವತ್ತು ಇದು ಯಾಕೆ ಕಾಣಲಿಲ್ಲ? ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೆ. ಹಾಗಾಗಿ ಈ ಹೆಜ್ಜೆಯ ಕೊನೆಗೆ ಒಂದು ಕಾರ್ಡ್ ತೆಗೆದುಕೊಂಡು ಒಂದು ವಾಕ್ಯ ಬರೆಯಿರಿ: "ಈ ಮೇಜಿನಲ್ಲಿ ನನಗೆ ಮಾತ್ರ ಆಗುವುದು ಇದು." ಪ್ರತಿ ಸೆಶನ್‌ನಲ್ಲಿ ಒಮ್ಮೆಯಾದರೂ ಅದನ್ನು ಮಾಡಿ.

ಹೆಜ್ಜೆ 2: ಈ ವಿದ್ಯೆ ಎಲ್ಲಿಂದ ಬಂತು?

ಇದಕ್ಕೆ ಹತ್ತು ಪುಟದ ಹಿನ್ನೆಲೆ ಕಥೆ ಬೇಡ. ಮೂರು ಉತ್ತರ ಸಾಕು. ಯಾರು ಕೊಟ್ಟರು, ಬದಲಿಗೆ ಏನು ಕಳೆದುಕೊಂಡಿರಿ, ಇದು ಯಾರಿಗೆ ಗೊತ್ತಿಲ್ಲ. ನಮ್ಮ ವಾರ್ಲಾಕ್ ಬರೆದದ್ದು ಹೀಗೆ: "ಬಾವಿಯ ತಳದಲ್ಲಿದ್ದವನು ಕೊಟ್ಟ. ನನ್ನ ಊರಿನ ಹೆಸರು ಕಳೆದುಕೊಂಡೆ. ನನ್ನ ತಂಗಿಗೆ ಗೊತ್ತಿಲ್ಲ." ಇಷ್ಟರಲ್ಲಿ ನನಗೆ ನಾಲ್ಕು ಸೆಶನ್‌ಗೆ ಆಗುವಷ್ಟು ಕಥೆ ಸಿಕ್ಕಿತು. ಊರಿನ ಹೆಸರೇ ನೆನಪಿಲ್ಲದವನು ಊರಿಗೆ ದಾರಿ ಹೇಗೆ ಕೇಳುತ್ತಾನೆ, ಅಲ್ವಾ?

ಹೆಜ್ಜೆ 3: ಬಿಟ್ಟುಕೊಡಿ

ಇದೇ ಎಲ್ಲಕ್ಕಿಂತ ಮುಖ್ಯ. ಜನ ಹಿಂಜರಿಯುವುದೂ ಇಲ್ಲೇ.

ಮಂತ್ರಗಳ ಪಟ್ಟಿ ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿಯಿರಿ. ನಿಮ್ಮ ಪಾತ್ರ ಯಾವತ್ತೂ ಹಾಕದ ಮಂತ್ರಗಳನ್ನು ಹೊಡೆದುಹಾಕಿ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಆರ್ಸ್ ಮ್ಯಾಜಿಕಾ ಅನ್ನುವ ಆಟದಿಂದ ಒಂದು ಉಪಾಯ ತರಬಹುದು. 1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ಮಾಡಿದ ಆಟ ಅದು. ಅಲ್ಲಿ ಮಾಂತ್ರಿಕರಿಗೆ ಐದು ಕ್ರಿಯೆ, ಹತ್ತು ವಸ್ತು. ಕ್ರಿಯೆಗಳು: ಹುಟ್ಟಿಸು, ತಿಳಿ, ಬದಲಿಸು, ಕೆಡಿಸು, ಹತೋಟಿಗೆ ತಾ. ವಸ್ತುಗಳು: ಪ್ರಾಣಿ, ನೀರು, ಗಾಳಿ, ಮೈ, ಗಿಡ, ಬೆಂಕಿ, ತೋರಿಕೆ, ಮನಸ್ಸು, ಮಣ್ಣು, ಮತ್ತೆ ಮಂತ್ರಶಕ್ತಿ ತಾನೇ. ಒಂದು ಕ್ರಿಯೆ, ಒಂದು ವಸ್ತು ಕೂಡಿದರೆ ಒಂದು ಮಂತ್ರ. "ನೀರು ಬದಲಿಸು" ಒಂದು ಬಗೆಯ ಮಾಂತ್ರಿಕ, "ಮನಸ್ಸು ತಿಳಿ" ಇನ್ನೊಂದು ಬಗೆ. ನೀವು ಯಾವ ಆಟವನ್ನೇ ಆಡಿ, ಎರಡು ಕ್ರಿಯೆ ಮತ್ತು ಎರಡು ವಸ್ತು ಆರಿಸಿಕೊಳ್ಳಿ. ಅದರೊಳಗೆ ಬಾರದ ಮಂತ್ರವನ್ನು ಮೊದಲ ಸುತ್ತಿನಲ್ಲಿ ತೆಗೆದಿಡಿ.

ನಮ್ಮ ಸಾರ್ಸರರ್ ಈ ಹೆಜ್ಜೆಯಲ್ಲಿ ಒಂದು ವಿಷಯ ಗಮನಿಸಿದಳು. ಅವಳ ವಂಶದ ಡ್ರ್ಯಾಗನ್ ನೀಲಿ. ನೀಲಿ ಡ್ರ್ಯಾಗನ್ ಉಗುಳುವುದು ಮಿಂಚು. ಹಾಗಾದರೆ ಬೆಂಕಿ ಯಾಕೆ? ಅವಳು ಫೈರ್‌ಬಾಲ್ ಬಿಟ್ಟು ಲೈಟ್ನಿಂಗ್ ಬೋಲ್ಟ್ ತೆಗೆದುಕೊಂಡಳು. ಅದೂ 3ನೇ ಲೆವೆಲ್, ಅದಕ್ಕೂ ಎಂಟೇ ಡೈಸ್. ಆದರೆ ಆಕಾರ ಬೇರೆ. 100 ಅಡಿ ಉದ್ದ, 5 ಅಡಿ ಅಗಲದ ಗೆರೆ. ಫೈರ್‌ಬಾಲ್ ಎಲ್ಲಿ ನಿಂತು ಬೇಕಾದರೂ ಎಸೆಯಬಹುದು. ಮಿಂಚಿಗೆ ಶತ್ರುಗಳು ಸಾಲಾಗಿ ಸಿಗಬೇಕು. ಅದಕ್ಕೆ ಅವಳು ಓಡಾಡಬೇಕು, ಕೆಲವೊಮ್ಮೆ ಹೊಡೆದಾಟದ ಅಂಚಿಗೆ ಹೋಗಿ ಅಪಾಯದ ಜಾಗದಲ್ಲಿ ನಿಲ್ಲಬೇಕು. ಒಂದು ಮಂತ್ರ ಬದಲಿಸಿದ್ದಕ್ಕೆ ಅವಳು ಮೇಜಿನ ಮೇಲೆ ಗೊಂಬೆ ಸರಿಸುವ ರೀತಿಯೇ ಬದಲಾಯಿತು.

ವಾರ್ಲಾಕ್ ಆಡುವವನು ಎರಡು ದಿನ ತಲೆ ಕೆಡಿಸಿಕೊಂಡ. ಫೀಂಡ್ ಜೊತೆ ಒಪ್ಪಂದ ಮಾಡಿಕೊಂಡವನಿಗೆ ಫೈರ್‌ಬಾಲ್ ಅವನ ಪಟ್ಟಿಯಲ್ಲೇ ಬರುತ್ತದೆ. ಕೊನೆಗೆ ಅದನ್ನು ಬಿಟ್ಟು ಫಿಯರ್ ತೆಗೆದುಕೊಂಡ. 30 ಅಡಿಯ ಶಂಕುವಿನಾಕಾರದ ಜಾಗದೊಳಗೆ ಸಿಕ್ಕವರು ಸೇವ್ ಸೋತರೆ ಕೈಯಲ್ಲಿದ್ದದ್ದನ್ನು ಬೀಳಿಸಿ ಓಡುತ್ತಾರೆ. ಬಾವಿಯ ತಳದವನ ಶಿಷ್ಯನಿಗೆ ಅದೇ ಸರಿ ಅನಿಸಿತು. ಫೈರ್‌ಬಾಲ್ ವಿಜಾರ್ಡ್ ಹತ್ತಿರ ಉಳಿಯಿತು. ಗೆಳೆಯರನ್ನು ಬಿಡಿಸಿ ಬೆಂಕಿ ಹಾಕಲು ಅವನಿಗೆ ಮಾತ್ರ ಬರುತ್ತದೆ ತಾನೇ?

ನಿಯಮದ ಪ್ರಕಾರ ಸಾರ್ಸರರ್ ಮತ್ತು ವಾರ್ಲಾಕ್ ಲೆವೆಲ್ ಏರುವಾಗ ಮಾತ್ರ ಒಂದು ಹಳೇ ಮಂತ್ರ ಬದಲಿಸಬಹುದು. ನಾನು ಆ ಒಂದು ಸಲ ಆಗಲೇ ಬದಲಿಸಲು ಒಪ್ಪಿದೆ. ನೀವು ಡಂಜನ್ ಮಾಸ್ಟರ್ ಆಗಿದ್ದರೆ ನೀವೂ ಒಪ್ಪಿಕೊಳ್ಳಿ. ಯಾರಿಗೂ ಇದರಿಂದ ನಷ್ಟ ಇಲ್ಲ.

ಒಂದು ಎಚ್ಚರಿಕೆ. ಬಿಟ್ಟುಕೊಡುವ ಹುಮ್ಮಸ್ಸಿನಲ್ಲಿ ಬರೀ ಒಂದೇ ಬಗೆಯ ಮಂತ್ರ ಇಟ್ಟುಕೊಳ್ಳಬೇಡಿ. ಬೆಂಕಿ ಮಾತ್ರ ಬರುವವನ ಎದುರಿಗೆ ಕೆಂಪು ಡ್ರ್ಯಾಗನ್ ಬಂದರೆ ಅವನು ಆ ಮಧ್ಯಾಹ್ನವಿಡೀ ಕೈಕಟ್ಟಿ ಕೂರಬೇಕು. ಅದಕ್ಕೆ ಬೆಂಕಿ ತಾಗುವುದೇ ಇಲ್ಲ. ಮೂರು ವಿಷಯ ಯಾವಾಗಲೂ ಇರಲಿ: ತಪ್ಪಿಸಿಕೊಳ್ಳಲು ಒಂದು, ಹೊಡೆದಾಟವಿಲ್ಲದಾಗ ಮಾಡಲು ಒಂದು, ಮುಖ್ಯ ಅಸ್ತ್ರ ನಡೆಯದಾಗ ಇನ್ನೊಂದು ಬಗೆಯ ಪೆಟ್ಟು.

ಹೆಜ್ಜೆ 4: ಮಂತ್ರಕ್ಕೆ ನಿಮ್ಮ ಬಟ್ಟೆ ತೊಡಿಸಿ

ಎಷ್ಟು ಬಿಟ್ಟರೂ ಕೆಲವು ಮಂತ್ರ ಇಬ್ಬರು ಮೂವರ ಹತ್ತಿರ ಉಳಿಯುತ್ತವೆ. ಅಲ್ಲಿ ನೋಟ ಬದಲಿಸಬೇಕು. ಮಂತ್ರ ಹೇಗೆ ಕಾಣುತ್ತದೆ, ಹೇಗೆ ಕೇಳಿಸುತ್ತದೆ ಅನ್ನುವುದನ್ನು ಆಟಗಾರರೇ ನಿರ್ಧರಿಸಬಹುದು ಅಂತ 2020ರ ಒಂದು ಅಧಿಕೃತ ಪೂರಕ ಪುಸ್ತಕ ನೇರವಾಗಿ ಹೇಳುತ್ತದೆ. ಅಂಕಿ ಮಾತ್ರ ಬದಲಾಗಬಾರದು.

ಮಿಸ್ಟಿ ಸ್ಟೆಪ್ ತೆಗೆದುಕೊಳ್ಳೋಣ. ಮೂರೂ ಕ್ಲಾಸ್‌ಗೆ ಸಿಗುತ್ತದೆ. ಕ್ಷಣದಲ್ಲಿ 30 ಅಡಿ ಆಚೆಗೆ ಜಿಗಿಯುವ ಮಂತ್ರ. ಕೈ ಆಡಿಸಬೇಕಿಲ್ಲ, ಸಾಮಾನು ಬೇಕಿಲ್ಲ. ಬಾಯಿಂದ ಹೇಳಬೇಕು, ಅಷ್ಟೇ. ಪುಸ್ತಕದಲ್ಲಿ ಅದಕ್ಕೆ ಬೆಳ್ಳಿ ಬಣ್ಣದ ಮಂಜು ಕೊಟ್ಟಿದ್ದಾರೆ. ಅದನ್ನು ಮರೆತುಬಿಡಿ. ಬಾಯಿಂದ ಏನು ಹೇಳುತ್ತೀರಿ?

ನಾವು ಕನ್ನಡದಲ್ಲೇ ಆಡುತ್ತೇವೆ, ನಿಯಮದ ಪದಗಳು ಮಾತ್ರ ಇಂಗ್ಲಿಷ್. ನಮ್ಮ ವಿಜಾರ್ಡ್ ಮಠದ ಶಾಲೆಯಲ್ಲಿ ಬಾಯಿಪಾಠ ಮಾಡಿ ಕಲಿತವನು. ಅವನು ಹದಿಮೂರರ ಮಗ್ಗಿ ಹಿಡಿದ. "ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು, ಹದಿಮೂರ್ಮೂರ್ಲೆ ಮೂವತ್ತೊಂಬತ್ತು." ಮೂವತ್ತೊಂಬತ್ತಕ್ಕೆ ಮನುಷ್ಯ ಮಾಯ. ಮೂವತ್ತು ಅಡಿ ಆಚೆ ಕಾಣಿಸಿಕೊಂಡು ಉಸಿರು ಬಿಡುತ್ತಾ "ಐವತ್ತೆರಡು" ಅನ್ನುತ್ತಾನೆ. ಮೊದಲ ಸಲ ಹೀಗೆ ಹೇಳಿದಾಗ ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು. ಮರುವಾರದಿಂದ ಐವತ್ತೆರಡನ್ನು ಎಲ್ಲರೂ ಒಟ್ಟಿಗೆ ಹೇಳಲು ಶುರು ಮಾಡಿದರು.

ಸಾರ್ಸರರ್‌ಗೆ ಕಲಿತ ಮಾತಿಲ್ಲ. ಅವಳಿಂದ ಒಂದು ಕೂಗು ಹೊರಡುತ್ತದೆ. ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಆ ಸದ್ದು ಜೋರಾಗಿ ಒಮ್ಮೆ. ಪಕ್ಕದಲ್ಲಿ ನಿಂತವರ ಕೈಕೂದಲು ನಿಮಿರುತ್ತದೆ. ವಾರ್ಲಾಕ್ ಒಂದು ಹೆಸರು ಹೇಳುತ್ತಾನೆ, ಅಷ್ಟೇ. ಅವನು ಜಿಗಿಯುವುದಿಲ್ಲ, ಯಾರೋ ಹಿಂದಿನಿಂದ ತಳ್ಳುತ್ತಾರೆ. ಅವನು ಆಚೆ ಬಂದ ಅರ್ಧ ಕ್ಷಣದ ಮೇಲೆ ಅವನ ಚಪ್ಪಲಿ ಬಂದು ಬೀಳುತ್ತದೆ. ಭುಜದ ಮೇಲೆ ಮಸಿಯ ಕೈಗುರುತು. ಇರುವ ಎರಡು ಸ್ಲಾಟ್‌ನಲ್ಲಿ ಒಂದು ಇದಕ್ಕೆ ಹೋಗುವುದರಿಂದ ಅವನಿಗೆ ಇದು ದೊಡ್ಡ ಗಳಿಗೆ. ವರ್ಣನೆಯೂ ಅಷ್ಟೇ ತೂಕದ್ದಾಗಿರಲಿ.

ಸಾಮಾನುಗಳನ್ನೂ ಬಿಡಬೇಡಿ. ಫೈರ್‌ಬಾಲ್‌ಗೆ ಬೇಕಾದ್ದು ಬಾವಲಿ ಹಿಕ್ಕೆ ಮತ್ತು ಗಂಧಕ. ಬಾವಲಿ ಹಿಕ್ಕೆಯಿಂದ ಹಿಂದೆ ಪೆಟ್ಲುಪ್ಪು ತೆಗೆಯುತ್ತಿದ್ದರು. ಪೆಟ್ಲುಪ್ಪು, ಗಂಧಕ ಎರಡೂ ಮದ್ದಿನ ಪುಡಿಯ ಸಾಮಾನುಗಳೇ. ಲೈಟ್ನಿಂಗ್ ಬೋಲ್ಟ್‌ಗೆ ಒಂದಿಷ್ಟು ತುಪ್ಪಳ, ಅಂಬರ್ ಅಥವಾ ಗಾಜಿನ ಕಡ್ಡಿ. ಎರಡನ್ನೂ ಉಜ್ಜಿದರೆ ಸಣ್ಣ ವಿದ್ಯುತ್ ಹುಟ್ಟುತ್ತದೆ ಅಂತ ಶಾಲೆಯಲ್ಲಿ ಮಾಡಿ ನೋಡಿದ್ದೇವೆ. ಫಿಯರ್‌ಗೆ ಬಿಳಿ ಗರಿ ಅಥವಾ ಕೋಳಿಯ ಗುಂಡಿಗೆ. ಇಷ್ಟು ಚೆನ್ನಾಗಿ ಯೋಚಿಸಿ ಇಟ್ಟದ್ದನ್ನು ನಾವು "ಪೌಚ್ ಇದೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ನಿಮ್ಮ ಪಾತ್ರ ಆ ಗಂಧಕವನ್ನು ಎಲ್ಲಿಡುತ್ತದೆ? ಎಲೆಯಡಿಕೆ ಡಬ್ಬಿಯಲ್ಲೋ, ಸೊಂಟದ ಗಂಟಿನಲ್ಲೋ? ಆ ಕೈ ಮೂಸಿದರೆ ಏನು ವಾಸನೆ?

ಇಲ್ಲಿ ದಾಟಬಾರದ ಗೆರೆ ಒಂದಿದೆ. ವಿಜಾರ್ಡ್ ಆಡುವವನು "ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿ ಹಾಕ್ತೀನಿ" ಅಂದರೆ ಅದು ನೋಟದ ಬದಲಾವಣೆ ಅಲ್ಲ. ಅದು ಸಾರ್ಸರರ್ ಪಾಯಿಂಟ್ ಕೊಟ್ಟು ಪಡೆಯುವ ಸಟಲ್. ಪಕ್ಕದವರ ಕ್ಲಾಸ್‌ನ ಗುರುತನ್ನು ವರ್ಣನೆಯ ನೆಪದಲ್ಲಿ ತೆಗೆದುಕೊಳ್ಳಬಾರದು. ಮಂತ್ರ ಹಾಕಿದ್ದು ಎದುರಿನವರಿಗೆ ಗೊತ್ತಾಗಲೇಬೇಕು. ಹೇಗೆ ಗೊತ್ತಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ.

ಹೆಜ್ಜೆ 5: ಮಂತ್ರಕ್ಕೆ ಒಂದು ಬಾಲ ಅಂಟಿಸಿ

ಬೇರೆ ಆಟಗಳಿಂದ ಕಲಿಯುವುದು ಇಲ್ಲಿ ಬಹಳ ಇದೆ. 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಆಟದಲ್ಲಿ ಮರ್ಕ್ಯುರಿಯಲ್ ಮ್ಯಾಜಿಕ್ ಅಂತ ಒಂದು ನಿಯಮ ಇದೆ. ವಿಜಾರ್ಡ್ ಒಂದು ಮಂತ್ರ ಕಲಿತಾಗ ಶೇಕಡಾ ಡೈಸ್ (1ರಿಂದ 100ರವರೆಗಿನದು) ಉರುಳಿಸಿ ಆ ಮಂತ್ರ ಅವನ ಕೈಯಲ್ಲಿ ಹೇಗೆ ವಿಚಿತ್ರವಾಗಿ ನಡೆದುಕೊಳ್ಳುತ್ತದೆ ಅಂತ ತಿಳಿಯುತ್ತಾನೆ. ಇಬ್ಬರು ಒಂದೇ ಮಂತ್ರ ಕಲಿತರೂ ಇಬ್ಬರದೂ ಬೇರೆ. ಅದೇ ವರ್ಷದ ಡಂಜನ್ ವರ್ಲ್ಡ್‌ನಲ್ಲಿ ಮಂತ್ರ ಅರ್ಧಂಬರ್ಧ ಫಲಿಸಿದರೆ ಆಟಗಾರನೇ ಬೆಲೆ ಆರಿಸಬೇಕು. ಬೇಡದ ಕಣ್ಣು ನಿಮ್ಮ ಮೇಲೆ ಬೀಳಲಿ, ಮುಂದಿನ ಮಂತ್ರಗಳು ಕಷ್ಟವಾಗಲಿ, ಅಥವಾ ಹಾಕಿದ ಮಂತ್ರ ಮರೆತುಹೋಗಲಿ. ನನಗೆ ಈ ಕೊನೆಯ ಆಯ್ಕೆ ತುಂಬಾ ಇಷ್ಟ. 1974ರ ಮ್ಯಾಜಿಕ್-ಯೂಸರ್‌ನ ಮರೆವು ಅಲ್ಲಿ ಆಟಗಾರನ ಸ್ವಂತ ನಿರ್ಧಾರವಾಗಿ ವಾಪಸ್ ಬಂದಿದೆ.

ನೀವು 5ನೇ ಆವೃತ್ತಿ ಆಡುತ್ತಿದ್ದರೆ ಅಷ್ಟು ದೊಡ್ಡದು ಬೇಡ. ಪ್ರತಿ ಮಾಂತ್ರಿಕನಿಗೂ ಒಂದು ಸಹಿ ಮಂತ್ರ, ಅದಕ್ಕೆ ಆರು ಸಾಲಿನ ಸಣ್ಣ ಪಟ್ಟಿ. ಆ ಮಂತ್ರ ಹಾಕಿದಾಗಲೆಲ್ಲ ಆರು ಮುಖದ ಒಂದು ಡೈಸ್ ಜೊತೆಗೆ ಉರುಳಿಸಿ. ಯಾರಿಗೂ ಪೆಟ್ಟಾಗಬಾರದು, ಲಾಭವೂ ಆಗಬಾರದು. ನಮ್ಮ ಮಿಂಚಿನ ಪಟ್ಟಿಯಿಂದ ಎರಡು: "ಹತ್ತಿರದ ದೀಪಗಳೆಲ್ಲ ಒಂದು ಕ್ಷಣ ನೀಲಿ." "ಸುತ್ತಲಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತವೆ." ಒಂದು ರಾತ್ರಿ ಕಳ್ಳತನಕ್ಕೆ ಹೋದಾಗ ಈ ನಾಯಿಗಳೇ ಇಡೀ ಬೀದಿ ಎಬ್ಬಿಸಿದವು. ಲಾಭ ನಷ್ಟ ಇಲ್ಲ ಅಂತ ಬರೆದದ್ದು ಕಥೆಯಲ್ಲಿ ತಾನಾಗೇ ಬೆಲೆ ಕಟ್ಟಿಸಿಕೊಂಡಿತು.

ವೈಲ್ಡ್ ಮ್ಯಾಜಿಕ್ ಸಾರ್ಸರರ್, ಅಂದರೆ ಮಂತ್ರದ ಜೊತೆ ಅನಿರೀಕ್ಷಿತವಾಗಿ ಏನೇನೋ ಆಗುವ ಸಬ್‌ಕ್ಲಾಸ್, ಆಡುವವರಿಗೆ ಒಂದು ಮಾತು. ನಿಮ್ಮ ಸಬ್‌ಕ್ಲಾಸ್‌ನ ಗುರುತು ಪೂರ್ತಿ ಡಂಜನ್ ಮಾಸ್ಟರ್‌ನ ನೆನಪಿನ ಮೇಲೆ ನಿಂತಿದೆ. ಅವರು ಹೇಳಿದಾಗ ಮಾತ್ರ 20 ಮುಖದ ಡೈಸ್ ಉರುಳಿಸುತ್ತೀರಿ, 1 ಬಿದ್ದರೆ ಮಾತ್ರ ಆ ಅನಿರೀಕ್ಷಿತಗಳ ಪಟ್ಟಿಗೆ ಹೋಗುತ್ತೀರಿ. ಅವರು ಮರೆತರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಮೊದಲ ದಿನವೇ ಮಾತಾಡಿ, ಕೇಳದೆ ಪ್ರತಿ ಸಲ ಉರುಳಿಸುವ ಅನುಮತಿ ತೆಗೆದುಕೊಳ್ಳಿ.

ಹೆಜ್ಜೆ 6: ಮೇಜಿನ ಸುತ್ತ ಕೂತು ಹಂಚಿಕೊಳ್ಳಿ

ಇದನ್ನು ಒಬ್ಬೊಬ್ಬರೇ ಮನೆಯಲ್ಲಿ ಮಾಡಿದರೆ ಪ್ರಯೋಜನ ಕಡಿಮೆ. ಬೇರೆ ಅನ್ನುವುದು ಯಾರಿಂದ ಬೇರೆ ಅನ್ನುವುದರ ಮೇಲೆ ನಿಂತಿದೆ. ಎಲ್ಲರ ಪಟ್ಟಿ ಒಟ್ಟಿಗೆ ಇಡಿ. ಇಬ್ಬರ ಪಟ್ಟಿಯಲ್ಲೂ ಇರುವ ಮಂತ್ರಗಳು ಎರಡಕ್ಕಿಂತ ಜಾಸ್ತಿ ಇದ್ದರೆ ಮಾತಾಡಿ. ಒಬ್ಬರ ಸಹಿ ಮಂತ್ರವನ್ನು ಇನ್ನೊಬ್ಬರು ತೆಗೆದುಕೊಳ್ಳಬೇಡಿ.

ವಿಶ್ರಾಂತಿಯ ವಿಷಯವನ್ನೂ ಅಲ್ಲೇ ಇತ್ಯರ್ಥ ಮಾಡಿಕೊಳ್ಳಿ. ದಿನಕ್ಕೆ ಆರರಿಂದ ಎಂಟು ಮುಖಾಮುಖಿ, ನಡುವೆ ಎರಡು ಸಣ್ಣ ವಿಶ್ರಾಂತಿ ಅನ್ನುವ ಅಂದಾಜಿನ ಮೇಲೆ 2014ರ ನಿಯಮ ನಿಂತಿದೆ. ನಮ್ಮಂಥ ಭಾನುವಾರದ ಗುಂಪಿನಲ್ಲಿ ಒಂದು ದೊಡ್ಡ ಹೊಡೆದಾಟ ಆದರೆ ದಿನ ಮುಗಿಯಿತು. ಆಗ ವಿಜಾರ್ಡ್, ಸಾರ್ಸರರ್ ಇದ್ದಬದ್ದ ಸ್ಲಾಟ್ ಎಲ್ಲ ಸುರಿಯುತ್ತಾರೆ. ವಾರ್ಲಾಕ್ ಎರಡು ಮಂತ್ರ ಹಾಕಿ ಸುಮ್ಮನೆ ನಿಲ್ಲುತ್ತಾನೆ. ಇದನ್ನು ನಾನು ತಿಂಗಳುಗಟ್ಟಲೆ ಗಮನಿಸಿರಲಿಲ್ಲ. ಈಗ ಪ್ರತಿ ದೊಡ್ಡ ಹೊಡೆದಾಟಕ್ಕೆ ಮೊದಲು ಒಂದು ಗಂಟೆ ಕೂರುವ ಜಾಗ ಇಡುತ್ತೇನೆ. ಹಾಳು ಮಂಟಪವೋ, ಬೀಗ ಹಾಕಬಹುದಾದ ಕೋಣೆಯೋ ಆದರೂ ಸಾಕು.

ಹೆಜ್ಜೆ 7: ಡಂಜನ್ ಮಾಸ್ಟರ್ ಮಾಡಬೇಕಾದ್ದು

ಆಟಗಾರರು ಎಷ್ಟು ಕಷ್ಟಪಟ್ಟರೂ ಲೋಕ ಅದನ್ನು ಗಮನಿಸದಿದ್ದರೆ ವ್ಯರ್ಥ. ವಿಜಾರ್ಡ್‌ಗೆ ಚಿನ್ನ ಕೊಡುವ ಬದಲು ಸತ್ತ ಮಾಂತ್ರಿಕನ ಅರ್ಧ ಸುಟ್ಟ ಪುಸ್ತಕ ಕೊಡಿ. ಆ ಪುಟಗಳ ಅಂಚಿನಲ್ಲಿ ಬೇರೆಯವರ ಕೈಬರಹ ಇರಲಿ. ಸಾರ್ಸರರ್‌ಗೆ ಕೈ ಕಟ್ಟಿಹಾಕಿದ, ಬಾಯಿ ಮುಚ್ಚಿದ ಸನ್ನಿವೇಶ ಕೊಡಿ. ಸಟಲ್ ಅಲ್ಲಿ ಮಿಂಚುತ್ತದೆ. ವಾರ್ಲಾಕ್‌ಗೆ ಬಾವಿಯಿಂದ ಒಂದು ಸಣ್ಣ ಕೆಲಸ ಬರಲಿ. "ನಾಳೆ ಮೂರನೇ ಮನೆಯ ಬಾಗಿಲು ತಟ್ಟಿ ಬಾ" ಅನ್ನುವಷ್ಟು ಸಣ್ಣದು. ಯಾಕೆ ಅಂತ ಹೇಳಬೇಡಿ.

ಮಂತ್ರಕ್ಕೆ ಹೆಸರಿಡಲು ಬಿಡಿ. ಇದು ಈ ಆಟದ ಬಹಳ ಹಳೇ ಪದ್ಧತಿ. ಮೆಲ್ಫ್ ಹೆಸರಿನ ಆಸಿಡ್ ಬಾಣ, ಟೆನ್ಸರ್ ಹೆಸರಿನ ತೇಲುವ ತಟ್ಟೆ ಇನ್ನೂ ಪುಸ್ತಕದಲ್ಲಿವೆ. ಮೆಲ್ಫ್ ಅನ್ನುವುದು ಗೈಗ್ಯಾಕ್ಸ್ ಅವರ ಮಗ ಲ್ಯೂಕ್ ಆಡುತ್ತಿದ್ದ ಪಾತ್ರ. ಟೆನ್ಸರ್ ಇನ್ನೊಬ್ಬ ಮಗ ಎರ್ನಿಯದು. ಅವನ ಪೂರ್ತಿ ಹೆಸರು ಎರ್ನೆಸ್ಟ್‌ನ ಅಕ್ಷರ ಹಿಂದುಮುಂದು ಮಾಡಿ ಇಟ್ಟ ಹೆಸರು ಅದು. ಮನೆಯ ಮೇಜಿನಲ್ಲಿ ಮಕ್ಕಳು ಆಡಿದ ಪಾತ್ರಗಳ ಹೆಸರನ್ನು ಇವತ್ತಿಗೂ ಜಗತ್ತು ಹೇಳುತ್ತಿದೆ. ನಿಮ್ಮ ವಿಜಾರ್ಡ್ ಮೊದಲ ಸಲ ಮಂತ್ರ ನಕಲು ಮಾಡಿಕೊಂಡಾಗ "ಇದಕ್ಕೆ ನಿನ್ನ ಪುಸ್ತಕದಲ್ಲಿ ಏನು ಹೆಸರು?" ಅಂತ ಕೇಳಿ.

ಹೊಸ ಕ್ಲಾಸನ್ನೇ ಬರೆಯುವ ಆಸೆ ಬಂದರೆ ಸ್ವಲ್ಪ ತಡೆಯಿರಿ. ಮೇಲಿನದ್ದೆಲ್ಲ ಮಾಡಿದ ಮೇಲೂ ಏನೋ ಕಡಿಮೆ ಅನಿಸಿದರೆ ಒಂದು ನಿಯಮ, ಒಂದೇ, ಬದಲಿಸಿ. ಮೂರು ಸೆಶನ್ ಆಡಿ. ಸರಿಹೋಗದಿದ್ದರೆ ವಾಪಸ್ ತೆಗೆಯುತ್ತೇವೆ ಅಂತ ಮೊದಲೇ ಒಪ್ಪಿಕೊಳ್ಳಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತು ಅಂತಲೇ ಗೊತ್ತಾಗುವುದಿಲ್ಲ.

ಲೆವೆಲ್ ಏರಿದಾಗಲೆಲ್ಲ ಮೂರನೇ ಹೆಜ್ಜೆಗೆ ಮರಳಿ ಹೋಗಿ. ನಮ್ಮ ಗುಂಪು 6ನೇ ಲೆವೆಲ್ ತಲುಪಿದ್ದು ಹೋದ ತಿಂಗಳು. ಡ್ರ್ಯಾಗನ್ ವಂಶದ ಸಾರ್ಸರರ್‌ಗೆ ಆ ಲೆವೆಲ್‌ನಲ್ಲಿ ತನ್ನ ವಂಶದ ಬಗೆಯ ಪೆಟ್ಟಿಗೆ ಕರಿಸ್ಮಾದಿಂದ ಬರುವ ಹೆಚ್ಚುವರಿ ಅಂಕ ಸೇರುತ್ತದೆ. ನೀಲಿ ವಂಶದವಳು ಫೈರ್‌ಬಾಲ್ ಇಟ್ಟುಕೊಂಡಿದ್ದರೆ ಅವಳಿಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ಮಿಂಚಿಗೆ ನಾಲ್ಕು ಜಾಸ್ತಿ ಬಂತು. ಅವಳು ಎಂಟು ಡೈಸ್ ಕೂಡಿಸಿ, ಮೇಲೆ ನಾಲ್ಕು ಸೇರಿಸಿ, ಮೊತ್ತವನ್ನು ಎದ್ದುನಿಂತು ಹೇಳಿದಳು.

ಸೆಶನ್ ಮುಗಿದ ಮೇಲೆ ಫೈಟರ್‌ಳ ಟಿಪ್ಪಣಿ ಪುಸ್ತಕ ನೋಡಿದೆ. ಮಾಂತ್ರಿಕರ ಹೆಸರು ಬರೆಯುವುದನ್ನೇ ಅವಳು ಬಿಟ್ಟಿದ್ದಾಳೆ. ಅಂಚಿನಲ್ಲಿ ಬರೀ "ಮಗ್ಗಿ", "ಮಿಂಚು", "ಚಪ್ಪಲಿ" ಅಂತ ಇತ್ತು.